ಸುತ್ತೋಲೆ ಅಕ್ಕನ ತರಬೇತಿ

ಲಾಂಡ್ರಿಯ ಇಸ್ತ್ರಿ ಹೆಂಗಸರು ಅವಳಿಗೆ ಇಟ್ಟ ಹೆಸರು ಸುತ್ತೋಲೆ ಅಕ್ಕ. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರಲ್ಲ ಅದು. ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಸರ್ಕಾರ ಎಲ್ಲೋ ಕೂತು ಒಂದು ಸುತ್ತೋಲೆ ಹೊರಡಿಸಿತೆಂದರೆ ಮಾರನೆಯ ಬೆಳಿಗ್ಗೆ ಅದು ಇಸ್ತ್ರಿ ಯಂತ್ರದ ಪಕ್ಕದ ಗೋಡೆಗೆ ಅಂಟಿರುತ್ತಿತ್ತು. ಅದೂ ಸರ್ಕಾರದ ಭಾಷೆಯಲ್ಲಿ ಅಲ್ಲ, ಮನುಷ್ಯರ ಭಾಷೆಯಲ್ಲಿ. ‘ಉಪನಿಯಮ ನಾಲ್ಕರ ಷರತ್ತಿಗೊಳಪಟ್ಟು ಅರ್ಹ ಮಹಿಳಾ ನೌಕರರ ಪ್ರಸೂತಿ ರಜಾ ಅವಧಿಯನ್ನು’ ಎಂದು ಶುರುವಾಗಿ, ಪುಟ ತಿರುವಿದರೂ ಕ್ರಿಯಾಪದ ಸಿಗದ ವಾಕ್ಯವನ್ನು ಅವಳು ಓದಿ, ಅರಗಿಸಿಕೊಂಡು, ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದಳು: ‘ಹೆರಿಗೆ ರಜೆ ಜಾಸ್ತಿ ಆಗಿದೆ. ಕೇಳೋಕೆ ನಾಚ್ಕೋಬೇಡಿ.’

ಅದು ಮನೆಮಂದಿಯ ಅಂಗಿ ಪ್ಯಾಂಟು ಒಗೆಯುವ ಲಾಂಡ್ರಿಯಲ್ಲ. ಹೋಟೆಲುಗಳ ಹಾಸು ಹೊದಿಕೆ, ದಿಂಬಿನ ಚೀಲ, ಟವೆಲ್ಲು, ಮೇಜಿನ ಬಟ್ಟೆ, ಇಷ್ಟೇ. ಬೆಳಗಾದರೆ ವ್ಯಾನು ಬಂದು ಹಿಂಬಾಗಿಲಲ್ಲಿ ಮೂಟೆಗಳನ್ನು ಸುರಿದು ಹೋಗುತ್ತಿತ್ತು. ಒಳಗೆ ಮನೆಯ ಯಂತ್ರಕ್ಕಿಂತ ಹತ್ತು ಪಾಲು ದೊಡ್ಡ ಒಗೆಯುವ ಯಂತ್ರಗಳು, ಹಬೆ ಕೊಡುವ ಬಾಯ್ಲರು, ಎರಡಾಳು ಅಗಲದ ಉರುಳೆಯ ಇಸ್ತ್ರಿ ಯಂತ್ರ. ಇಬ್ಬರು ಹೆಂಗಸರು ಈಚೆಯಿಂದ ಒದ್ದೆ ಹೊದಿಕೆಯ ತುದಿ ಹಿಡಿದು ತೂರಿಸಿದರೆ ಆಚೆ ಇನ್ನಿಬ್ಬರು ಅದನ್ನು ಬಿಸಿಬಿಸಿಯಾಗಿ ಹಿಡಿದು ಮಡಿಸುತ್ತಿದ್ದರು. ಅಕ್ಕನ ಜಾಗ ಇದೆಲ್ಲದರ ನಡುವೆ ಒಂದು ಗಾಜಿನ ಕೋಣೆ. ಹಬೆಗೆ ಗಾಜು ಮಸುಕಾದಾಗ ಅಂಗೈಯಗಲ ಒರೆಸಿಕೊಂಡು ಹೊರಗೆ ನೋಡುತ್ತಿದ್ದಳು. ಸಂಬಳ, ರಜೆ, ತೆರಿಗೆ, ವಿಮೆ ಎಲ್ಲ ಅವಳ ಕೈಯಲ್ಲಿತ್ತು.

ಅವಳು ಕೆಲಸಕ್ಕೆ ಸೇರಿದ್ದು ಹಳೆಯ ಯಜಮಾನರ ಕಾಲದಲ್ಲಿ. ಈಗ ನಡೆಸುತ್ತಿದ್ದವನು ಅವರ ಮಗ. ಕೆಟ್ಟವನಲ್ಲ ಪಾಪ. ಯಂತ್ರದ ಸದ್ದು ಕೇಳಿಯೇ ಎಲ್ಲಿ ಬೇರಿಂಗ್ ಸವೆದಿದೆ ಎಂದು ಹೇಳುವ ಕಿವಿ ಅವನದು. ಕಾಗದ ಕಂಡರೆ ಮಾತ್ರ ಅವನಿಗೆ ಚಳಿಜ್ವರ. ಏನೇ ಬರಲಿ, ಲಕೋಟೆ ಬಿಚ್ಚಿ ಕೂಡ ನೋಡದೆ ಅವಳ ಮೇಜಿಗೆ ತಂದಿಡುತ್ತಿದ್ದ. “ಅಕ್ಕ, ನೀವೇ ನೋಡ್ಕೊಳ್ಳಿ” ಎನ್ನುವುದು ಅವನ ಮಂತ್ರ. ಸಂಬಳ ಹೆಚ್ಚು ಮಾಡಿ ಎಂದು ಅವಳು ಎಂದೂ ಕೇಳಿರಲಿಲ್ಲ, ಆ ಮಂತ್ರವೇ ಅವಳಿಗೆ ಹೊಟ್ಟೆ ತುಂಬಿಸುತ್ತಿತ್ತು ಎಂದು ಕಾಣುತ್ತದೆ. ಕೆಲವರು ಹಾಗೆಯೇ, ತಾನಿಲ್ಲದಿದ್ದರೆ ನಡೆಯುವುದಿಲ್ಲ ಎನ್ನುವ ಒಂದೇ ನಂಬಿಕೆಯಲ್ಲಿ ಆಯುಷ್ಯ ತೆಗೆಯುತ್ತಾರೆ.

ಕಾಯಿಲೆ ಬಂದು ಲೋಕವೆಲ್ಲ ಬಾಗಿಲು ಹಾಕಿಕೊಂಡ ವರ್ಷ ಹೋಟೆಲುಗಳೂ ಬಾಗಿಲು ಹಾಕಿದವು. ಹೋಟೆಲಿನಲ್ಲಿ ಮಲಗುವವರಿಲ್ಲದ ಮೇಲೆ ಹೊದಿಕೆ ಕೊಳೆಯಾಗುವುದು ಹೇಗೆ? ಒಗೆದು ಮಡಿಸಿಟ್ಟದ್ದನ್ನು ಒಯ್ಯಲೂ ಯಾರೂ ಬರಲಿಲ್ಲ. ಬಾಯ್ಲರು ಆರಿತು. ಇಸ್ತ್ರಿ ಹೆಂಗಸರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಗಾಜಿನ ಕೋಣೆಯ ಮುಂದೆ ಬಂದು ನಿಂತರು, ಯಜಮಾನನ ಮುಂದೆ ಅಲ್ಲ.

ಆಗ ಸರ್ಕಾರ ಒಂದು ಯೋಜನೆ ತಂದಿತು. ಕೆಲಸವಿಲ್ಲವೆಂದು ನೌಕರರನ್ನು ತೆಗೆದುಹಾಕಬೇಡಿ, ರಜೆಯ ಮೇಲೆ ಮನೆಯಲ್ಲಿ ಕೂರಿಸಿ, ಸಂಬಳದ ಹೆಚ್ಚಿನ ಪಾಲು ನಾವು ಕೊಡುತ್ತೇವೆ ಎಂದಿತು. ಅದಕ್ಕೆ ಸರ್ಕಾರ ಇಟ್ಟ ಹೆಸರು ಒಂದು ಉಸಿರಿಗೆ ಮುಗಿಯುವಂಥದ್ದಲ್ಲ. ಇಸ್ತ್ರಿ ಹೆಂಗಸರು ಅದನ್ನು ಕೂತ ಸಂಬಳ ಎಂದರು, ಎಲ್ಲರ ಬಾಯಲ್ಲೂ ಅದೇ ನಿಂತಿತು.

ಯೋಜನೆ ಒಳ್ಳೆಯದೇ. ಅದರ ನಿಯಮಗಳು ಮಾತ್ರ ಕೂತಲ್ಲಿ ಕೂರುತ್ತಿರಲಿಲ್ಲ. ಇಂಥ ದಿನಾಂಕದೊಳಗೆ ಕೆಲಸಕ್ಕೆ ಸೇರಿದವರಿಗೆ ಮಾತ್ರ ಎಂದರು, ಆಮೇಲೆ ಆ ದಿನಾಂಕ ಮುಂದೆ ಹೋಯಿತು. ಓವರ್‌ಟೈಮು ಸೇರುವುದಿಲ್ಲ ಎಂದರು, ವಾರದೊಳಗೆ ಕೆಲವೊಮ್ಮೆ ಸೇರುತ್ತದೆ ಎಂದರು. ಒಮ್ಮೆ ರಜೆ ಕೊಟ್ಟರೆ ಕನಿಷ್ಠ ಮೂರು ವಾರ ಕೊಡಬೇಕು, ನಡುವೆ ಕರೆಸಿದರೆ ಆ ನೌಕರರಿಗೆ ಸರ್ಕಾರದಿಂದ ಬಿಡಿಗಾಸೂ ಇಲ್ಲ ಎಂದರು. ಎಲ್ಲ ತಿದ್ದುಪಡಿಗಳ ನಡುವೆ ಅಲುಗಾಡದೆ ನಿಂತದ್ದು ಒಂದೇ ನಿಯಮ. ಕೂತ ಸಂಬಳ ತೆಗೆದುಕೊಳ್ಳುವವರು ತಮ್ಮ ಮಾಲೀಕರಿಗಾಗಿ ಒಂದು ಕಡ್ಡಿಯನ್ನೂ ಎತ್ತಿಡಬಾರದು. ಎತ್ತಿಟ್ಟದ್ದು ಗೊತ್ತಾದರೆ ಕೊಟ್ಟದ್ದನ್ನೆಲ್ಲ ವಾಪಸು ಕಕ್ಕಬೇಕು.

ಅಕ್ಕ ಎಲ್ಲವನ್ನೂ ಬೆನ್ನಟ್ಟಿದಳು. ಎಲ್ಲರನ್ನೂ ರಜೆಗೆ ಕಳಿಸಿ, ಸದ್ದಿಲ್ಲದ ಕಟ್ಟಡದಲ್ಲಿ ಒಬ್ಬಳೇ ಕೂತು, ತಿಂಗಳು ತಿಂಗಳು ಅರ್ಜಿ ಹಾಕಿ, ಸರ್ಕಾರದಿಂದ ಬಂದದ್ದನ್ನು ಅವರವರ ಖಾತೆಗೆ ಹಾಕಿದಳು. ಓದಲು ಯಾರೂ ಬರದಿದ್ದರೂ ಹೊಸ ನಿಯಮವನ್ನು ಬರೆದು ಗೋಡೆಗೆ ಅಂಟಿಸುವುದನ್ನು ಬಿಡಲಿಲ್ಲ. ಅಭ್ಯಾಸಬಲ.

ಮುಂದಿನ ಸುತ್ತಿನಲ್ಲಿ ಸರ್ಕಾರ ತನ್ನ ಪಾಲು ಇಳಿಸಿ ಮಾಲೀಕರ ಪಾಲು ಏರಿಸಿತು. ಯಜಮಾನ ತಲೆಯ ಮೇಲೆ ಕೈ ಹೊತ್ತು ಕೂತ. ಎಲ್ಲಿ ಉಳಿಸುವುದು ಎಂದು ನೋಡಿದಾಗ ಅವನ ಕಿಸೆಯಿಂದ ಪೂರ್ತಿ ಸಂಬಳ ಹೋಗುತ್ತಿದ್ದ ಒಂದೇ ಒಂದು ಹೆಸರು ಕಣ್ಣಿಗೆ ಬಿತ್ತು. ಖುಷಿಯಿಂದಲೇ ಗಾಜಿನ ಕೋಣೆಗೆ ಬಂದ.

“ಅಕ್ಕ, ಒಂದು ಉಪಾಯ. ನೀವೂ ರಜೆ ಮೇಲೆ ಹೋಗಿ. ನಿಮ್ಮ ಸಂಬಳಾನೂ ಸರ್ಕಾರವೇ ಕೊಡ್ಲಿ.”

ಅವಳು ಕನ್ನಡಕ ತೆಗೆದಿಟ್ಟಳು. “ಸಾರ್, ನಾನು ರಜೆ ಮೇಲೆ ಹೋದ್ರೆ ಅರ್ಜಿ ಹಾಕೋರು ಯಾರು?”

“ಅಯ್ಯೋ, ನೀವೇ. ಮನೇಲಿ ಕೂತು ಅರ್ಧ ಗಂಟೆ ನೋಡಿದ್ರೆ ಆಯ್ತಲ್ಲ. ಅದೇನು ಮಹಾ.”

‘ಅದೇನು ಮಹಾ’ ಎನ್ನುವುದು ಅವಳ ಎದೆಗೆ ನಾಟಿತು. ಇಷ್ಟು ವರ್ಷ ತಾನು ಮಾಡಿದ್ದು ಅರ್ಧ ಗಂಟೆಯ ಕೆಲಸ, ಅದೂ ಯಾರ ಲೆಕ್ಕಕ್ಕೂ ಬಾರದ್ದು ಎಂದು ಅವನು ಬಾಯಿ ಬಿಟ್ಟು ಹೇಳಿದಂತಾಯಿತು. ಅವನ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ, ಅದೇ ಇನ್ನೂ ಕೆಟ್ಟದ್ದು. ಅವಳು ತನ್ನ ರಜೆಯ ಪತ್ರವನ್ನು ತಾನೇ ತಯಾರಿಸಿದಳು. ‘ರಜೆಯ ಅವಧಿಯಲ್ಲಿ ಸಂಸ್ಥೆಗಾಗಿ ಯಾವುದೇ ಕೆಲಸ ಮಾಡುವುದಿಲ್ಲ’ ಎಂಬ ಸಾಲನ್ನು ಎರಡು ಸಲ ಓದಿದಳು, ಸಹಿ ಹಾಕಿದಳು, ಕೋಣೆಯ ಕೀಲಿಕೈ ಅವನ ಕೈಗಿಟ್ಟಳು.

“ಹಾಗಾದ್ರೆ ನಾನು ಒಂದು ಕಡ್ಡೀನೂ ಎತ್ತಿಡಲ್ಲ ಸಾರ್. ನಿಯಮ.”

ಅವನು ತಮಾಷೆ ಎಂದುಕೊಂಡು ನಕ್ಕ. ಅವಳ ಜೊತೆ ಇಷ್ಟು ವರ್ಷ ಕೆಲಸ ಮಾಡಿದವನು ಹಾಗೆ ನಗಬಾರದಿತ್ತು.

ಮನೆಯಲ್ಲಿ ಗಂಡ ಮೊದಲೇ ಕೂತಿದ್ದ. ಅವನದು ಸ್ವಂತ ವ್ಯಾನು, ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ. ಶಾಲೆಗಳು ಮುಚ್ಚಿದ್ದವು. ತಾನೇ ಮಾಲೀಕ, ತಾನೇ ಆಳು ಆದವನಿಗೆ ಕೂತ ಸಂಬಳವಿಲ್ಲ ಎನ್ನುವುದು ಯೋಜನೆಯ ಮೊದಲ ಪುಟದಲ್ಲೇ ಇತ್ತು. ಹಾಗಾಗಿ ದಿನಾ ಬೆಳಿಗ್ಗೆ ವ್ಯಾನನ್ನು ತೊಳೆದು, ಮಧ್ಯಾಹ್ನ ಅದರ ಸುತ್ತ ಒಂದು ಸುತ್ತು ಬಂದು, ಒಳಗೆ ಬರುತ್ತಿದ್ದ. ಮನೆ ನಡೆಯುತ್ತಿದ್ದದ್ದು ಅಕ್ಕನ ಸಂಬಳದಲ್ಲಿ, ಅದೂ ಈಗ ಕತ್ತರಿ ಬಿದ್ದ ಸಂಬಳದಲ್ಲಿ. ಇದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ.

ರಜೆ ಎಂದರೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಕಪಾಟು ಒರೆಸಿದಳು. ಒರೆಸಿದ ಕಪಾಟನ್ನೇ ಮತ್ತೆ ಒರೆಸಿದಳು. ಆಮೇಲೆ ಮೊಬೈಲು ಹಿಡಿದು ಸರ್ಕಾರದ ಸುತ್ತೋಲೆಗಳನ್ನು ಓದತೊಡಗಿದಳು.

“ಇದು ಕೆಲಸ ಅಲ್ವೇನೇ?” ಎಂದು ಗಂಡ ಕೆಣಕಿದ.

“ಓದೋದು ತಪ್ಪಲ್ಲ. ಸುತ್ತೋಲೆ ಸಾರ್ವಜನಿಕರಿಗೆ. ನಾನು ಸಾರ್ವಜನಿಕಳು.”

ಹಾಗೆ ಸಾರ್ವಜನಿಕಳಾಗಿ ಓದುತ್ತಿದ್ದಾಗಲೇ ಹೊಸ ನಿಯಮ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಅರ್ಜಿಯನ್ನು ನಿಧಾನವಾಗಿ ಹಾಕಿದರೂ ನಡೆಯುತ್ತಿತ್ತು. ಇನ್ನು ಮುಂದೆ ಒಂದು ತಿಂಗಳ ಸಂಬಳದ ಅರ್ಜಿ ಮುಂದಿನ ತಿಂಗಳ ಹದಿನಾಲ್ಕರೊಳಗೆ ಸೇರಬೇಕು. ತಪ್ಪಿದರೆ ಆ ತಿಂಗಳು ಹೋಯಿತು, ಮೇಲ್ಮನವಿಯೂ ಇಲ್ಲ. ಅವಳು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದಳು. ಹದಿನಾಲ್ಕಕ್ಕೆ ಒಂದು ವಾರವೂ ಇರಲಿಲ್ಲ. ಅವಳ ಮೂರು ವಾರ ಮುಗಿಯುವುದು ಅದರ ನಂತರ.

ಯಜಮಾನನಿಗೂ ಸುದ್ದಿ ಹೇಗೋ ತಲುಪಿರಬೇಕು. ಮಾರನೆಯ ಬೆಳಿಗ್ಗೆ ಅವಳ ಛತ್ರಿ ಹಿಡಿದುಕೊಂಡು ಬಾಗಿಲಿಗೆ ಬಂದ. ಕೋಣೆಯಲ್ಲಿ ಮರೆತುಹೋಗಿತ್ತಂತೆ. ಬಿಸಿಲು ಚುರುಚುರು ಸುಡುತ್ತಿತ್ತು.

“ಹಾಗೇ ಬಂದೆ ಅಕ್ಕ. ಆರೋಗ್ಯ ಹೇಗಿದೆ?”

“ಚೆನ್ನಾಗಿದೆ ಸಾರ್.”

“ಆ ಅರ್ಜಿದು ಏನೋ ಗಡುವು ಅಂತೆ. ಎಲ್ಲಿ ಒತ್ತಬೇಕು ಅಂತ ಒಂದ್ಸಲ ಹೇಳಿಬಿಟ್ರೆ...”

“ಹೇಳೋದೂ ಕೆಲಸವೇ ಸಾರ್. ನಾನು ರಜೇಲಿದ್ದೀನಿ.”

“ಯಾರು ನೋಡೋಕೆ ಬರ್ತಾರೆ ಅಕ್ಕ?”

“ಯಾರೂ ಬರದೇ ಇರಬಹುದು. ಸಹಿ ಹಾಕಿದ್ದು ನಾನಲ್ವಾ?” ಎಂದು ಅವಳು ಕಡ್ಡಿ ಮುರಿದಂತೆ ಹೇಳಿದಳು. “ಬೇಕಾದ್ರೆ ನನ್ನನ್ನ ವಾಪಸು ಕರೀರಿ. ಮೂರು ವಾರ ಆಗಿಲ್ಲ, ಹಾಗಾಗಿ ನನ್ನ ಸಂಬಳ ಪೂರ್ತಿ ನಿಮ್ಮ ಕೈಯಿಂದ.”

ಅವನು ಹೊಸ್ತಿಲು ನೋಡುತ್ತ ನಿಂತ. ಕೊಡಲು ಅವನ ಬಳಿ ಇರಲಿಲ್ಲ, ಇದ್ದಿದ್ದರೆ ರಜೆಯ ಮಾತೇ ಬರುತ್ತಿರಲಿಲ್ಲ. ಛತ್ರಿಯನ್ನು ಗೋಡೆಗೆ ಒರಗಿಸಿ ಹೋದ. ಅವಳು ನಿಯಮಕ್ಕಾಗಿ ಹಟ ಹಿಡಿದಳೋ, ಅವನು ಆಡಿದ ಮಾತಿಗೆ ಸೇಡು ತೀರಿಸಿಕೊಂಡಳೋ ಎಂದು ಕೇಳಿದರೆ ಎರಡೂ ಹೌದು. ನಿಯಮದ ಬೆನ್ನಿಗೆ ಸಿಟ್ಟು ಸೇರಿಕೊಂಡರೆ ನಿಯಮ ಪಾಲಿಸುವುದು ಬಹಳ ಸುಲಭ.

ಆ ಸುಖ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಇಸ್ತ್ರಿಯ ಚಿಕ್ಕಮ್ಮ ಬಂದಳು. ಇಸ್ತ್ರಿ ವಿಭಾಗದಲ್ಲಿ ಎಲ್ಲರಿಗಿಂತ ಹಿರಿಯಳು, ಎಲ್ಲರಿಗೂ ಚಿಕ್ಕಮ್ಮ. ಬಿಸಿ ಬಟ್ಟೆ ಹಿಡಿದು ಹಿಡಿದು ಅವಳ ಬೆರಳ ತುದಿಗಳು ಒರಟಾಗಿ, ಮೊಬೈಲು ಅವಳ ಬೆರಳು ತಾಗಿದರೆ ಗುರುತಿಸುತ್ತಲೇ ಇರಲಿಲ್ಲ. ಅದಕ್ಕೇ ಫೋನು ಮಾಡುವ ಬದಲು ನಡೆದೇ ಬಂದಿದ್ದಳು.

“ಒಳಗೆ ಬರಲ್ಲ ಕಣಮ್ಮ, ಇಲ್ಲೇ ನಿಲ್ತೀನಿ. ಈ ತಿಂಗಳು ಸಂಬಳ ಬರುತ್ತೆ ತಾನೆ? ಮನೆ ಓನರು ಕೇಳ್ತಾ ಇದ್ದಾನೆ. ಏನಂತ ಹೇಳ್ಲಿ?”

ಅಕ್ಕ ತಿರುಗಿ ಗೋಡೆಯ ಕ್ಯಾಲೆಂಡರು ನೋಡಿದಳು.

“ಬೇರೆಯವರೆಲ್ಲ ಹೆದರಿದ್ರು,” ಎಂದಳು ಚಿಕ್ಕಮ್ಮ. “ನಾನು ಬೈದೆ. ಸುತ್ತೋಲೆ ಅಕ್ಕ ಅಲ್ಲಿ ಕೂತಿರೋವರೆಗೂ ನಮಗೇನು ಭಯ ಅಂದೆ. ಸರಿ ತಾನೆ?”

ತಾನೂ ಅವರ ಹಾಗೆಯೇ ಕೂತ ಸಂಬಳದಲ್ಲಿದ್ದೇನೆ, ಅಲ್ಲಿ ಯಾರೂ ಕೂತಿಲ್ಲ ಎಂದು ಹೇಳಲು ಅಕ್ಕನಿಗೆ ಬಾಯಿ ಬರಲಿಲ್ಲ. “ಬರುತ್ತೆ ಚಿಕ್ಕಮ್ಮ,” ಎಂದುಬಿಟ್ಟಳು.

ಆ ಮಧ್ಯಾಹ್ನ ಯೋಜನೆಯ ಎಲ್ಲ ತಿದ್ದುಪಡಿಗಳನ್ನೂ ಮೊದಲಿನಿಂದ ಓದಿದಳು. ಕಳ್ಳದಾರಿ ಹುಡುಕಲಿಲ್ಲ, ಅದು ಅವಳ ಜಾಯಮಾನವಲ್ಲ. ಬಾಗಿಲು ಹುಡುಕುತ್ತಿದ್ದಳು. ಒಂದು ಕಡೆ ಸಿಕ್ಕಿತು. ರಜೆಯಲ್ಲಿರುವ ನೌಕರರು ತಮ್ಮ ಮಾಲೀಕರಿಂದ ತರಬೇತಿ ಪಡೆಯಬಹುದು, ಕೆಲಸದ ಜಾಗಕ್ಕೂ ಬರಬಹುದು, ಆದರೆ ಸಂಸ್ಥೆಗೆ ಯಾವುದೇ ಸೇವೆ ಸಲ್ಲಿಸಬಾರದು. ಮೂರು ಸಲ ಓದಿದಳು. ತರಬೇತಿ ಕೊಡುವಂತಿಲ್ಲ, ಪಡೆಯಬಹುದು. ತರಬೇತಿ ಪಡೆಯುವವರು ಬಾಯಿ ಮುಚ್ಚಿಕೊಂಡು ಕೂರಬೇಕೆಂದು ಎಲ್ಲೂ ಬರೆದಿರಲಿಲ್ಲ.

ಗಂಡನಿಗೆ ಹೇಳಿದಳು. ಅವನು ಬಟ್ಟೆ ಹಿಂಡುತ್ತಿದ್ದವನು ನಿಲ್ಲಿಸಿ ಅವಳನ್ನೇ ನೋಡಿದ.

“ಅಂದ್ರೆ ಅವನು ಮೇಷ್ಟ್ರು, ನೀನು ವಿದ್ಯಾರ್ಥಿನಿ. ನೀನು ಪ್ರಶ್ನೆ ಕೇಳ್ತೀಯ, ಅವನು ಉತ್ತರ ಹುಡುಕ್ತಾನೆ. ಹುಡುಕ್ತಾ ಹುಡುಕ್ತಾ ಕೆಲಸ ಕಲಿತಾನೆ.”

“ಹೌದು.”

“ಕಲಿತ ಮೇಲೆ ನಿನ್ನನ್ನ ಯಾಕೆ ಕರೀತಾನೆ? ಅವನಿಗೆ ಬರದೇ ಇರೋದೇ ನಿನ್ನ ಕೆಲಸ ಕಣೆ. ತಲೆ ಮೇಲೆ ನೀನೇ ಚಪ್ಪಡಿ ಎಳ್ಕೊಳ್ತಿದ್ದೀಯ. ನನ್ನ ವ್ಯಾನಂತೂ ನಿಂತಿದೆ. ನಿನ್ನದೂ ಹೋದ್ರೆ?”

ಅವಳು ಯೋಚಿಸದೆ ಇದ್ದದ್ದನ್ನೇನೂ ಅವನು ಹೇಳಲಿಲ್ಲ. ಭಯವಾಗಿತ್ತು ಅವಳಿಗೆ, ಚೆನ್ನಾಗಿಯೇ ಭಯವಾಗಿತ್ತು. ಸುಮ್ಮನೆ ಕೂತಿದ್ದರೆ ಯಜಮಾನ ಒಂದು ತಿಂಗಳು ಮುಗ್ಗರಿಸುತ್ತಾನೆ, ಬುದ್ಧಿ ಕಲಿಯುತ್ತಾನೆ, ಕೈಮುಗಿದು ಕರೆಯುತ್ತಾನೆ. ಅವಳ ಕುರ್ಚಿ ಭದ್ರ. ಆದರೆ ಆ ತಿಂಗಳು ಚಿಕ್ಕಮ್ಮ ಮನೆ ಓನರಿಗೆ ಏನು ಹೇಳಬೇಕು?

“ಬರುತ್ತೆ ಅಂತ ಹೇಳಿಬಿಟ್ಟಿದ್ದೀನಿ ಕಣ್ರೀ,” ಎಂದಳು.

ಗಂಡ ಮತ್ತೆ ಬಟ್ಟೆ ಹಿಂಡತೊಡಗಿದ. ಬೇಡ ಎನ್ನಲಿಲ್ಲ. ಅವಳು ಯಜಮಾನನಿಗೆ ಫೋನು ಮಾಡಿ, ಅರ್ಜಿ ಹಾಕುವುದರಲ್ಲಿ ತನಗೆ ತರಬೇತಿ ಕೊಡಬೇಕೆಂದು ಕೇಳಿಕೊಂಡಳು.

ಮರುದಿನ ಬೆಳಿಗ್ಗೆ ಗಾಜಿನ ಕೋಣೆಯಲ್ಲಿ ತರಬೇತಿ ಶುರುವಾಯಿತು. ಅವಳ ಕುರ್ಚಿಯಲ್ಲಿ ಯಜಮಾನ, ಸಂಬಳ ಕೇಳಲು ಬಂದವರು ಕೂರುವ ಸ್ಟೂಲಿನ ಮೇಲೆ ಅವಳು. ಹಬೆಯಿಲ್ಲದ್ದರಿಂದ ಗಾಜು ನಿಚ್ಚಳವಾಗಿತ್ತು, ಹೊರಗೆ ಯಂತ್ರಗಳ ಮೇಲೆ ಹಾಸಿದ ಬಟ್ಟೆಗಳಿಗೆ ಧೂಳು ಹಿಡಿಯುವುದು ಕಾಣುತ್ತಿತ್ತು. ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡು, ಕಂಪ್ಯೂಟರಿಗೆ ಬೆರಳು ತಾಗದಷ್ಟು ದೂರ ಸ್ಟೂಲು ಎಳೆದುಕೊಂಡಳು. ಯಜಮಾನ ಎರಡು ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದ.

“ಸಾರ್, ನಂಗೊಂದು ಸಂಶಯ,” ಎಂದಳು. “ಓವರ್‌ಟೈಮು ಇದರಲ್ಲಿ ಸೇರುತ್ತಾ?”

“ಸೇರುತ್ತೆ. ಅಲ್ವಾ?”

“ನನ್ನನ್ನ ಕೇಳಿದ್ರೆ ಹೇಗೆ ಸಾರ್? ನಾನು ಕಲಿಯೋಳು.”

ಅವನು ಕೆಮ್ಮಿದ, ಪುಟ ತಿರುವಿದ, ಮತ್ತೆ ಹಿಂದಕ್ಕೆ ತಿರುವಿದ. ಕೊನೆಗೆ ಬೆರಳಿಟ್ಟು ಗಟ್ಟಿಯಾಗಿ ಓದಿದ. ಕಡ್ಡಾಯವಾಗಿ ಮಾಡಿಸುವ ಓವರ್‌ಟೈಮು ಸೇರುತ್ತದೆ, ಇಷ್ಟಪಟ್ಟು ಮಾಡಿದ್ದು ಸೇರುವುದಿಲ್ಲ. ಓದಿ ಮುಗಿಸಿದಾಗ ಅವನ ಹಣೆಯಲ್ಲಿ ಬೆವರಿತ್ತು.

ಹೀಗೇ ನಡೆಯಿತು. ಅವನು ತಪ್ಪು ದಾರಿ ಹಿಡಿದಾಗಲೆಲ್ಲ ಅವಳಿಗೊಂದು ಸಂಶಯ ಬರುತ್ತಿತ್ತು. ಸರ್ಕಾರದ ಪಾಲು ಎಷ್ಟು ಎಂಬಲ್ಲಿ ಅವನು ತಲೆಯೆತ್ತಿ ಗಾಜಿನಾಚೆಯ ಗೋಡೆ ನೋಡಿದ, ಅವಳೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದನ್ನು ನೋಡಿ ಧೈರ್ಯವಾಗಿ ತುಂಬತೊಡಗಿದ. ಅಕ್ಕ ತಿದ್ದಬೇಕೆಂದಿದ್ದ ಮಾತನ್ನು ಪ್ರಶ್ನೆಯಾಗಿ ತಿರುಗಿಸಿದಳು.

“ಸಾರ್, ಗೋಡೆ ಮೇಲಿರೋದು ಯಾವ ತಿಂಗಳದ್ದು?”

ಅವನು ಎದ್ದುಹೋಗಿ ನೋಡಿದ. ಅದು ಅವಳು ರಜೆಗೆ ಹೋಗುವ ಮೊದಲಿನದು. ಆಮೇಲೆ ಅಂಟಿಸುವವರು ಯಾರೂ ಇರಲಿಲ್ಲ. ತುಂಬಿದ್ದನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ತುಂಬಿದ.

“ಅಕ್ಕ, ಇಷ್ಟನ್ನೂ ಪ್ರತಿ ತಿಂಗಳು ನೀವು ಮಾಡ್ತಿದ್ರಾ?”

“ಅದಕ್ಕೆ ಉತ್ತರ ಹೇಳಬಹುದು ಅನ್ಸುತ್ತೆ,” ಎಂದಳು. “ಹೌದು ಸಾರ್.”

‘ಅದೇನು ಮಹಾ’ ಎಂದದ್ದಕ್ಕೆ ಅವನು ಕ್ಷಮೆ ಕೇಳಲಿಲ್ಲ, ಅಂದದ್ದು ಅವನಿಗೆ ನೆನಪೇ ಇರಲಿಲ್ಲ. ಆದರೂ ಆ ಪ್ರಶ್ನೆಗೆ ಅವಳ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಇಂಥ ತರಬೇತಿಯನ್ನು ಯಾವುದಾದರೂ ಅಧಿಕಾರಿ ಒಪ್ಪುತ್ತಿದ್ದನೋ ಇಲ್ಲವೋ ದೇವರೇ ಬಲ್ಲ. ಉತ್ತರ ಹೇಳಿದರೆ ಸೇವೆ, ಪ್ರಶ್ನೆ ಕೇಳಿದರೆ ಕಲಿಕೆ ಎಂದು ಅವಳು ತನ್ನ ಗೆರೆ ತಾನೇ ಎಳೆದುಕೊಂಡಿದ್ದಳು, ಅದನ್ನು ಒಮ್ಮೆಯೂ ದಾಟಲಿಲ್ಲ. ಅರ್ಜಿ ಗಡುವಿನೊಳಗೆ ಸೇರಿತು. ಎಲ್ಲರ ಸಂಬಳ ಬಂತು. ಚಿಕ್ಕಮ್ಮ ಅವಳ ಮನೆಯ ಮುಂದೆ ಹಾದುಹೋಗುವಾಗ ದೂರದಿಂದಲೇ ಕೈಯೆತ್ತಿ ತೋರಿಸಿದಳು.

ಮೂರು ವಾರ ಮುಗಿದವು. ಇನ್ನು ಕರೆಯುತ್ತಾನೆ ಎಂದು ಅಕ್ಕ ಸೀರೆಗಳನ್ನು ಇಸ್ತ್ರಿ ಮಾಡಿಟ್ಟಳು. ಫೋನು ಬಂತು.

“ಅಕ್ಕ, ಇನ್ನೊಂದು ತಿಂಗಳು ಹೀಗೇ ನಡೀಲಿ. ಈಗ ಸ್ವಲ್ಪ ಅಂದಾಜು ಸಿಕ್ಕಿದೆ ನಂಗೆ. ತರಬೇತಿಗೆ ಮಾತ್ರ ಬನ್ನಿ.”

ಹೋದಳು. ಈ ಸಲ ಅವಳಿಗೆ ಬಂದ ಸಂಶಯಗಳು ಕಡಿಮೆ. ಅದರ ಮುಂದಿನ ತಿಂಗಳು ಇನ್ನೂ ಕಡಿಮೆ. ಯಂತ್ರದ ಸದ್ದಿನಲ್ಲಿ ದೋಷ ಹಿಡಿಯುವವನಿಗೆ ನಿಯಮದ ಸದ್ದೂ ಕಿವಿಗೆ ಬೀಳತೊಡಗಿತ್ತು. “ಇಲ್ಲೇನೋ ಸರಿಯಿಲ್ಲ ಅಕ್ಕ” ಎಂದು ತಾನೇ ನಿಲ್ಲುತ್ತಿದ್ದ, ಹುಡುಕಿದರೆ ನಿಜವಾಗಿ ಸರಿಯಿರುತ್ತಿರಲಿಲ್ಲ. ಒಂದು ದಿನ ಅವಳು ಬಂದಾಗ ಇಸ್ತ್ರಿ ಯಂತ್ರದ ಪಕ್ಕದ ಗೋಡೆಯ ಮೇಲೆ ಹೊಸ ಹಾಳೆ ಇತ್ತು. ಅಕ್ಷರ ಸೊಟ್ಟ, ಮೂಲೆಯಲ್ಲಿ ಗ್ರೀಸಿನ ಬೆರಳಚ್ಚು. ‘ಇನ್ನು ಮುಂದೆ ಅರ್ಧ ದಿನ ಕೆಲಸ, ಅರ್ಧ ದಿನ ಕೂತ ಸಂಬಳ ಮಾಡಬಹುದು.’ ಆ ಸುತ್ತೋಲೆಯನ್ನು ಅವಳು ಇನ್ನೂ ಓದಿರಲಿಲ್ಲ.

“ನೋಡಿದ್ರಾ?” ಎಂದ ಅವನು, ಪಾಸಾದ ಹುಡುಗನ ಹಾಗೆ. “ನಿಮಗಿಂತ ಮೊದಲೇ ಓದಿಬಿಟ್ಟೆ.”

ಅವಳು ನಕ್ಕಳು. ಆ ದಿನ ಕೇಳಲು ಅವಳಲ್ಲಿ ಒಂದು ಸಂಶಯವೂ ಇರಲಿಲ್ಲ. ಮನೆಗೆ ನಡೆದು ಬರುವಾಗ, ಬೇಕೆಂದೇ ಒಂದು ತಪ್ಪನ್ನು ನೋಡಿಯೂ ನೋಡದ ಹಾಗೆ ಬಿಟ್ಟಿದ್ದರೆ ಎಂಬ ಯೋಚನೆ ಬಂದು, ತನ್ನ ಮೇಲೆ ತನಗೇ ನಾಚಿಕೆಯಾಯಿತು. ನಾಚಿಕೆಯಾದರೂ ಯೋಚನೆ ಹೋಗಲಿಲ್ಲ.

ಹೋಟೆಲುಗಳು ಒಂದೊಂದಾಗಿ ಅರ್ಧ ಬಾಗಿಲು ತೆರೆದವು. ಲಾಂಡ್ರಿಯ ಹಿಂಬಾಗಿಲಿಗೆ ಮೂಟೆಗಳು ಬರತೊಡಗಿದವು, ಮೊದಲಿನಷ್ಟಲ್ಲ. ಯಜಮಾನ ಬಾಯ್ಲರು ಹೊತ್ತಿಸಿ, ಇಸ್ತ್ರಿ ಹೆಂಗಸರನ್ನು ಅರ್ಧ ದಿನದ ಲೆಕ್ಕದಲ್ಲಿ ಕರೆಸಿಕೊಂಡ. ಚಿಕ್ಕಮ್ಮ ಮೊದಲನೆಯ ದಿನವೇ ಹೋದಳು. ಸಂಜೆ ಅಕ್ಕನ ಮನೆಗೆ ಬಂದು, ಈ ಸಲ ಒಳಗೇ ಬಂದು, “ನೀನು ಯಾವಾಗ ಬರ್ತೀಯಮ್ಮ? ಆ ಗಾಜಿನ ಗೂಡಲ್ಲಿ ಅವನು ಕೂತ್ರೆ ಚೆನ್ನಾಗಿ ಕಾಣಲ್ಲ” ಎಂದಳು. ಅಕ್ಕ ಏನೋ ಹೇಳಿ ಮಾತು ಮರೆಸಿದಳು.

ಸರ್ಕಾರ ಯೋಜನೆಯನ್ನು ಮುಚ್ಚುವುದಾಗಿ ಘೋಷಿಸಿತು. ಅದರ ಬೆನ್ನಿಗೇ ಇನ್ನೊಂದು ಸುತ್ತೋಲೆ ಬಂತು. ಕೂತ ಸಂಬಳದಲ್ಲಿದ್ದವರನ್ನು ಕೆಲಸದಿಂದ ತೆಗೆಯುವುದಾದರೆ ನೋಟೀಸಿನ ಅವಧಿಯ ಸಂಬಳವನ್ನೂ ಪರಿಹಾರವನ್ನೂ ಕತ್ತರಿ ಬಿದ್ದ ಸಂಬಳದ ಮೇಲೆ ಅಲ್ಲ, ಮೊದಲಿನ ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕಬೇಕು ಎಂದು. ಎಷ್ಟೋ ಮಾಲೀಕರು ಎಡವಿದ್ದು ಅಲ್ಲೇ. ಅಕ್ಕ ಅದನ್ನು ಅಡಿಗೆಮನೆಯಲ್ಲಿ ನಿಂತು ಓದಿದಳು. ಯಾರಿಗಾಗಿ ಓದುತ್ತಿದ್ದೇನೆಂದು ತಿಳಿದೇ ಓದಿದಳು.

ಯಜಮಾನ ಮಧ್ಯಾಹ್ನ ಬಂದ. ಕೈಯಲ್ಲಿ ಒಂದು ಲಕೋಟೆ. ನೆಪ ಏನೂ ತಂದಿರಲಿಲ್ಲ. ಗಂಡ ಎದ್ದು ಒಳಗೆ ಹೋಗಲು ನೋಡಿದ, “ಇರಿ, ನೀವೂ ಇರಿ” ಎಂದ ಯಜಮಾನ.

“ಅಕ್ಕ, ಸುತ್ತಿ ಬಳಸಿ ಹೇಳೋಕೆ ನಂಗೆ ಬರಲ್ಲ. ಬರೋ ಕೆಲಸ ಮೊದಲಿನ ಅರ್ಧಾನೂ ಇಲ್ಲ. ಸರ್ಕಾರ ಕೈ ಎತ್ತುತ್ತಾ ಇದೆ. ಇಸ್ತ್ರಿಗೆ ಕೈ ಬೇಕೇ ಬೇಕು. ಲೆಕ್ಕ...” ಅವನು ಲಕೋಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. “ಲೆಕ್ಕ ನಾನೇ ನೋಡ್ಕೊಳ್ತಾ ಇದ್ದೀನಲ್ಲ.”

“ಗೊತ್ತು ಸಾರ್.”

“ನೀವು ಅಂದು ಬರದೇ ಇದ್ದಿದ್ರೆ ನಾನು ಬಾಗಿಲು ಹಾಕ್ತಿದ್ದೆ. ಅದು ನಂಗೆ ಗೊತ್ತಿದೆ. ಗೊತ್ತಿದ್ದೂ ಇದನ್ನ ತಂದಿದ್ದೀನಿ. ಏನು ಹೇಳ್ಬೇಕು ಅಂತ ತಿಳೀತಾ ಇಲ್ಲ.”

ಅವನ ಕಣ್ಣು ಕೆಂಪಾಗಿತ್ತು, ಸುಳ್ಳು ಹೇಳುವ ಮುಖವಲ್ಲ ಅದು. ಬೈಯಲು ಒಂದು ಮಾತಾದರೂ ಸಿಗಲಿ ಎಂದು ಅಕ್ಕ ಕಾದಳು, ಸಿಗಲಿಲ್ಲ. ಲಕೋಟೆ ತೆಗೆದುಕೊಂಡಳು, ಕನ್ನಡಕ ಹಾಕಿಕೊಂಡಳು, ಅವನನ್ನು ನಿಲ್ಲಿಸಿಯೇ ಓದತೊಡಗಿದಳು.

ಮೊದಲ ಸಾಲಿನಿಂದ ಓದಿದಳು. ಕೆಲಸಕ್ಕೆ ಸೇರಿದ ದಿನಾಂಕ ಸರಿ ಇತ್ತು. ನೋಟೀಸಿನ ಅವಧಿ, ಅವಳ ವರ್ಷಗಳಿಗೆ ತಕ್ಕಷ್ಟು, ಸರಿ ಇತ್ತು. ಸಂಬಳದ ಸಾಲಿಗೆ ಬಂದಾಗ ಬೆರಳು ತಾನಾಗಿ ನಿಧಾನವಾಯಿತು. ಪೂರ್ತಿ ಸಂಬಳದ ಮೇಲೇ ಹಾಕಿದ್ದ. ರಜೆಯಲ್ಲಿ ಕೂತಿದ್ದಾಗಲೂ ಜಮೆಯಾಗುವ ವಾರ್ಷಿಕ ರಜೆ ಎಂಬುದೊಂದಿತ್ತು, ದೊಡ್ಡ ದೊ‍ಡ್ಡ ಕಚೇರಿಗಳೇ ಅದನ್ನು ಮರೆತಿದ್ದವು. ಅದನ್ನೂ ಸೇರಿಸಿದ್ದ. ಹಾಳೆ ತಿರುಗಿಸಿದಳು. ಕೂಡಿದ್ದನ್ನು ಮನಸ್ಸಿನಲ್ಲೇ ಮತ್ತೆ ಕೂಡಿದಳು. ಸಹಿ, ದಿನಾಂಕ, ಪ್ರತಿ ಯಾರಿಗೆ ಎಂಬುದು, ಎಲ್ಲ ಅದರದರ ಜಾಗದಲ್ಲಿತ್ತು.

“ಸರಿ ಇದೆಯಾ ಅಕ್ಕ?” ಎಂದು ಕೇಳಿದ ಯಜಮಾನ, ಬಾಗಿಲ ಬಳಿಯಿಂದ, ಮೆಲ್ಲಗೆ.

“ಎಲ್ಲ ಸರಿ ಇದೆ ಸಾರ್. ಚೆನ್ನಾಗಿ ಮಾಡಿದ್ದೀರ.”

ಅದನ್ನು ಅವಳು ಮನಸಾರೆ ಹೇಳಿದಳು. ಹೆಮ್ಮೆಯೇ ಆಗಿತ್ತು ಅವಳಿಗೆ. ಅಷ್ಟೇ ಹೊಟ್ಟೆಯೂ ಉರಿಯುತ್ತಿತ್ತು. ಅವನು ಇನ್ನೂ ಏನೋ ಹೇಳಲು ಹೋಗಿ, ತಲೆ ತಗ್ಗಿಸಿ, ಮೆಟ್ಟಿಲಿಳಿದು ಹೋದ.

ಗಂಡ ಪಕ್ಕದಲ್ಲಿ ಬಂದು ಕೂತ. ಅವನು ಎಂದೋ ಹೇಳಿದ್ದ ಮಾತನ್ನು ನೆನಪಿಸಲಿಲ್ಲ, ಅಷ್ಟು ಒಳ್ಳೆಯತನ ಅವನಿಗಿತ್ತು. ಅವಳು ಕಾಗದವನ್ನು ಮಡಿಸಲಿಲ್ಲ. ಮತ್ತೆ ಮೊದಲ ಸಾಲಿಗೆ ಹೋಗಿ ಓದುತ್ತಿದ್ದಳು.

“ಇನ್ನೂ ಏನು ಹುಡುಕ್ತಿದ್ದೀಯೇ?”

“ಒಂದು ತಪ್ಪು,” ಎಂದಳು. “ಒಂದೇ ಒಂದು ಸಿಕ್ಕಿದ್ರೂ ಸಾಕಾಗಿತ್ತು ಕಣ್ರೀ. ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗಬಹುದಿತ್ತು.”

ಆಮೇಲೆ ಕನ್ನಡಕ ತೆಗೆದಿಟ್ಟು ಅತ್ತಳು.